ಬ್ರಹ್ಮಗಿರಿಗೆ ಮಂಜು ಬಿಟ್ಟೆವು, ಫೈರ್ ಅಲಾರಂ ಕೂಗಿತು

ಪ್ರಶ್ನೆ – ಹವ್ಯಾಸಿ ನಾಟಕ ತಂಡ, ಮಡಿಕೇರಿ

ಎಲ್ಲರಿಗೂ ನಮಸ್ಕಾರ. ಫೈರ್ ಅಲಾರಂ ಕೆಲಸ ಗೊತ್ತಿರುವವರು ಯಾರಾದರೂ ಇದ್ದರೆ ಹೇಳಿ. ಮೊನ್ನೆ ಊರ ಹೊರಗಿನ ಒಂದು ರೆಸಾರ್ಟಿನ ಹಾಲ್‌ನಲ್ಲಿ ನಮ್ಮ ಕಾವೇರಿ ನಾಟಕ ಇತ್ತು. ಅಗಸ್ತ್ಯರ ಕಮಂಡಲ ಉರುಳುವ ಹೊತ್ತಿಗೆ ಬ್ರಹ್ಮಗಿರಿಯ ಮಂಜು ಇಳಿಯಬೇಕು ಅಂತ 1500 ವ್ಯಾಟಿನ ಫಾಗ್ ಮಿಷಿನ್ ಬಾಡಿಗೆಗೆ ತಂದಿದ್ದೆವು. ಮುಂಚೆಯೇ ಹೇಳಿ ಹಾಲ್‌ನ ಡಿಟೆಕ್ಟರ್‌ಗಳನ್ನು ಆಫ್ ಮಾಡಿಸಿದ್ದೆವು. ಆದರೂ ನಾಲ್ಕೈದು ನಿಮಿಷಕ್ಕೆ ಇಡೀ ಕಟ್ಟಡ ಕೂಗಿತು. ರೂಮುಗಳಲ್ಲಿದ್ದವರು ಬರಿಗಾಲಲ್ಲಿ ಮಳೆಗೆ ಓಡಿ ಬಂದರು. ಕಾವೇರಿ ಆಗಬೇಕಿದ್ದ ಹುಡುಗಿ ಕಮಂಡಲದ ಹಿಂದೆಯೇ ಕೂತು ಅತ್ತಳು. ಡಿಸೆಂಬರ್‌ನಲ್ಲಿ ವಿರಾಜಪೇಟೆಯಲ್ಲಿ ಇದೇ ನಾಟಕ. ಅಲಾರಂ ಹೊಡೆಯದಂಥ ಹೊಗೆ ಯಾವುದಾದರೂ ಸಿಗುತ್ತಾ?

ಉತ್ತರ – ಫೈರ್ ಅಲಾರಂ ಸರ್ವೀಸ್, ಕುಶಾಲನಗರ

ಇಲ್ಲ ಸರ್, ಅಂಥ ಹೊಗೆ ಇಲ್ಲ. ಅಂಗಡಿಯವರು ಇದೆ ಅಂದರೂ ನಂಬಬೇಡಿ.

ಛಾವಣಿಯಲ್ಲಿ ಕಾಣುವ ಬಿಳಿ ಡಿಟೆಕ್ಟರ್‌ನ ಹೊಟ್ಟೆಯಲ್ಲಿ ಒಂದು ಕತ್ತಲೆ ಗೂಡು. ಒಂದು ಕಡೆ ಪುಟ್ಟ ಇನ್‌ಫ್ರಾರೆಡ್ ಎಲ್‌ಇಡಿ, ಇನ್ನೊಂದು ಕಡೆ ಬೆಳಕು ಗುರುತಿಸುವ ಸೆನ್ಸರ್. ಸುಮ್ನೆ ಇದ್ದಾಗ ಆ ಬೆಳಕು ಸೆನ್ಸರ್‌ಗೆ ತಾಗುವುದಿಲ್ಲ. ಒಳಗೆ ಕಣ ನುಗ್ಗಿದರೆ ಬೆಳಕು ಚದುರಿ ಸೆನ್ಸರ್ ಮೇಲೆ ಬೀಳುತ್ತದೆ, ಅಲಾರಂ. ಕಣ ಸುಟ್ಟ ಪರದೆಯದ್ದೋ, ನಿಮ್ಮ ಮಿಷಿನ್ ಲಿಕ್ವಿಡ್‌ನಲ್ಲಿರುವ ಗ್ಲೈಕಾಲಿನದ್ದೋ ಅಂತ ಅದಕ್ಕೆ ತಿಳಿಯುವುದಿಲ್ಲ. ನೀವು ಬೆಳಕಿನ ಕೋಲು ಚೆನ್ನಾಗಿ ಕಾಣಲಿ ಅಂತ ಹೊಗೆ ಬಿಡುತ್ತೀರಿ ಅಲ್ವಾ? ಡಿಟೆಕ್ಟರ್ ನೋಡುವುದೂ ಅದನ್ನೇ.

ಶಾಖ ನೋಡುವ ಹೀಟ್ ಡಿಟೆಕ್ಟರ್ ಮಾತ್ರ ಫಾಗ್‌ಗೆ ಕೂಗುವುದಿಲ್ಲ. ಸಾಮಾನ್ಯವಾಗಿ 57–58 ಡಿಗ್ರಿ ಮುಟ್ಟಿದರೆ ಅದು ಎಚ್ಚರಾಗುತ್ತದೆ. ಆದರೆ ಬೆಂಕಿ ಜೋರಾದ ಮೇಲೇ ಅದಕ್ಕೆ ಗೊತ್ತಾಗುವುದು. ಒಂದು ನಾಟಕಕ್ಕೋಸ್ಕರ ಹಾಲ್‌ನವರು ಅದನ್ನು ಹಾಕಿಸಿಕೊಳ್ಳಲಿ ಅಂತ ಕೇಳುವುದು ಸರಿಯಲ್ಲ.

ಈಗ ನಿಮ್ಮ ಕಥೆ. ಹಾಲ್ ಆಫ್ ಆಗಿತ್ತು ಅಂತೀರಿ. ಹಾಗಾದರೆ ಕೂಗಿದ್ದು ಹಾಲ್ ಅಲ್ಲ. ಗ್ರೀನ್ ರೂಮ್ ಬಾಗಿಲು ತೆರೆದಿತ್ತಾ?

ಪ್ರಶ್ನೆ ಕೇಳಿದವರು

ಅಯ್ಯೋ, ಹೌದಣ್ಣ. ಮಕ್ಕಳು ಓಡಾಡಬೇಕಲ್ಲ ಅಂತ ಬಾಗಿಲಿಗೆ ಪ್ಲಾಸ್ಟಿಕ್ ಕುರ್ಚಿ ಅಡ್ಡ ಇಟ್ಟಿದ್ದೆವು. ಆಚೆ ರೂಮುಗಳ ಕಾರಿಡಾರ್.

ಉತ್ತರ – ಕುಶಾಲನಗರ

ಆ ಕುರ್ಚಿಯದ್ದೇ ಕೆಲಸ. ಕಾರಿಡಾರ್ ಬೇರೆ ಝೋನ್, ಅಂದರೆ ಅಲಾರಂನ ಬೇರೆ ಭಾಗ, ಅದು ಎಚ್ಚರವಾಗಿಯೇ ಇತ್ತು. ನಾನು ನೋಡಲು ಹೋದ ಸುಳ್ಳು ಅಲಾರಂಗಳಲ್ಲಿ ಜಾಸ್ತಿ ಇದೇ ಥರದವು. ಎಸಿ ಇದ್ದರೆ ಇನ್ನೊಂದು ದಾರಿ ಇದೆ: ಹಾಲ್‌ನ ಹೊಗೆಯನ್ನು ಡಕ್ಟ್ (ಎಸಿಯ ಗಾಳಿ ಕೊಳವೆ) ಎಳೆದುಕೊಳ್ಳುತ್ತದೆ, ಕೆಲವು ಕಡೆ ಡಕ್ಟ್ ಒಳಗೂ ಒಂದು ಡಿಟೆಕ್ಟರ್ ಇರುತ್ತದೆ. ಫಾಲ್ಸ್ ಸೀಲಿಂಗ್ ಮೇಲೂ ಇರಬಹುದು, ಕಣ್ಣಿಗೇ ಬೀಳದು.

ವಿರಾಜಪೇಟೆಯಲ್ಲಿ ಹೀಗೆ ಮಾಡಿ. ಹಾಲ್ ಬುಕ್ ಮಾಡುವಾಗಲೇ ಫಾಗ್ ಬಿಡುತ್ತೇವೆ ಅಂತ ಬರೆದು ಕೊಡಿ. ಮ್ಯಾನೇಜರ್ 'ಆಯ್ತು' ಅಂದರೆ ಸಾಲದು, ಪ್ಯಾನೆಲ್ (ಅಲಾರಂನ ಕಂಟ್ರೋಲ್ ಪೆಟ್ಟಿಗೆ) ನೋಡಿಕೊಳ್ಳುವವನ ಜೊತೆ ಮಾತಾಡಿ. ಹಿಂದಿನ ದಿನ ಖಾಲಿ ಹಾಲ್‌ನಲ್ಲಿ ನಾಟಕಕ್ಕೆ ಎಷ್ಟು ಬೇಕೋ ಅಷ್ಟೇ ಹೊಗೆ ಬಿಟ್ಟು, ಲೈಟ್ ಆರಿಸಿ, ಟಾರ್ಚ್ ಹಿಡಿದು ಕಾರಿಡಾರಿಗೆ ಹೋಗಿ. ಟಾರ್ಚ್ ಬೆಳಕು ಗಾಳಿಯಲ್ಲಿ ಗೆರೆಯಾಗಿ ಕಂಡರೆ ಹೊಗೆ ಅಲ್ಲಿಗೂ ಬಂದಿದೆ ಅಂತ ಅರ್ಥ. ಬಾಗಿಲಡಿಯ ಸಂದಿಗೆ ಹಳೆ ಬೆಡ್‌ಶೀಟ್ ಸುತ್ತಿ ಇಟ್ಟರೆ ಅರ್ಧ ತಲೆನೋವು ಹೋಯಿತು. ಬಾಗಿಲಿಗೆ ಬೀಗ ಮಾತ್ರ ಹಾಕಬೇಡಿ.

ಪ್ಯಾನೆಲ್‌ನಲ್ಲಿ ಮೂರು ಬಟನ್ ಬಗ್ಗೆ ಜನಕ್ಕೆ ಗೊಂದಲ. 'ಸೈಲೆನ್ಸ್' ಒತ್ತಿದರೆ ಹೂಟರ್ ಬಾಯಿ ಮುಚ್ಚುತ್ತದೆ, ಅಷ್ಟೇ. 'ರೀಸೆಟ್' ಒತ್ತಿದರೆ ಪ್ಯಾನೆಲ್ ಮೊದಲಿಂದ ನೋಡುತ್ತದೆ, ಹೊಗೆ ಇದ್ದರೆ ಮತ್ತೆ ಕೂಗುತ್ತದೆ. ನಿಮಗೆ ಬೇಕಾದ್ದು 'ಐಸೋಲೇಟ್', ಅಂದರೆ ಆ ಝೋನ್ ಒಂದನ್ನೇ ಆಫ್ ಮಾಡಿಡುವುದು. ಯಾವ ಝೋನ್, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ, ಯಾರು ಮಾಡಿದ್ದು, ಎಲ್ಲಾ ರಿಜಿಸ್ಟರ್‌ನಲ್ಲಿ ಬರೆಯಬೇಕು. ಆ ಹೊತ್ತಿಗೆ ಪ್ಯಾನೆಲ್‌ನಲ್ಲಿ ಹಳದಿ ದೀಪ ಉರಿಯುತ್ತಿರುತ್ತದೆ. ನಾಟಕ ಮುಗಿಯಿತು ಅಂತ ಸೆಟ್ ಬಿಚ್ಚುವ ಗಡಿಬಿಡಿಯಲ್ಲಿ ಅದನ್ನೇ ಮರೆಯುವುದು. ನಾಲ್ಕು ದಿನ ಆದ ಮೇಲೂ ಐಸೋಲೇಟ್‌ನಲ್ಲೇ ಇದ್ದ ಹಾಲ್ ನೋಡಿದ್ದೇನೆ. ಆ ನಾಲ್ಕು ದಿನದಲ್ಲಿ ಎರಡು ಮದುವೆ ಮುಗಿದಿದ್ದವು.

ಹೊಗೆಯ ಝೋನ್ ಆಫ್ ಆದರೂ ಗೋಡೆಯ ಕೆಂಪು ಡಬ್ಬಿ, ಗಾಜು ಒಡೆಯುವ ಆ ಮ್ಯಾನುವಲ್ ಕಾಲ್ ಪಾಯಿಂಟ್, ಕೆಲಸ ಮಾಡುತ್ತಿರಲೇಬೇಕು. ಕೆಲವು ಹಳೆ ಪ್ಯಾನೆಲ್‌ಗಳಲ್ಲಿ ಡಬ್ಬಿಯೂ ಡಿಟೆಕ್ಟರೂ ಒಂದೇ ಝೋನ್‌ನಲ್ಲಿರುತ್ತವೆ, ಕೇಳಿ ನೋಡಿ. ಡಿಟೆಕ್ಟರ್‌ನ ಬದಲಿಗೆ ಒಬ್ಬ ಮನುಷ್ಯ ನಿಲ್ಲಬೇಕು. ಪಾತ್ರ ಇಲ್ಲದವನು, ಫೋನ್ ನೋಡದವನು. ಕೈಗೆ ಬೆಂಕಿ ಆರಿಸುವ ಸಿಲಿಂಡರ್, ಬಾಯಲ್ಲಿ 101. ಸುಮ್ನೆ ಹೆದರಿಸುತ್ತಿಲ್ಲ. 2003ರಲ್ಲಿ ಅಮೆರಿಕದ ರೋಡ್ ಐಲೆಂಡ್‌ನ ಒಂದು ಕ್ಲಬ್ಬಿನಲ್ಲಿ ವೇದಿಕೆಯ ಪಟಾಕಿ ಕಿಡಿ ಗೋಡೆಯ ಫೋಮ್‌ಗೆ ಹತ್ತಿತು. ಇದೂ ಶೋದ ಭಾಗ ಅಂತ ಮೊದಲು ನೋಡುತ್ತಾ ನಿಂತವರಿದ್ದರು. 100 ಜನ ಹೋದರು. ಹೊಗೆ ತುಂಬಿದ ಹಾಲ್‌ನಲ್ಲಿ ನಿಜವಾದ ಹೊಗೆಯೂ ನಾಟಕವೇ ಅನ್ನಿಸುತ್ತದೆ.

ಇನ್ನೊಂದು. ಮಿಷಿನ್ ನಡೆಸಿದವರು ದಸರಾ ಮೆರವಣಿಗೆಯ ಮಂಟಪದ ಹುಡುಗರಾ?

ಪ್ರಶ್ನೆ ಕೇಳಿದವರು

ಹೇಗೆ ಗೊತ್ತಾಯ್ತು ಅಣ್ಣ?

ಉತ್ತರ – ಕುಶಾಲನಗರ

ರಿಮೋಟ್ ಬಿಡದೆ ಒತ್ತುವವರು ಅವರೇ. ತಪ್ಪಲ್ಲ, ಮಡಿಕೇರಿಯಲ್ಲಿ ದಶಮಂಟಪ ಹೊರಟಾಗ ಮೇಲೆ ಆಕಾಶ, ಟ್ರ್ಯಾಕ್ಟರ್ ಮೇಲಿನ ಅಸುರನಿಗೆ ಎಷ್ಟು ಬಿಟ್ಟರೂ ಗಾಳಿ ಒಯ್ಯುತ್ತದೆ. ಹಾಲ್‌ನಲ್ಲಿ ಎರಡು ಸೆಕೆಂಡ್ ಬಿಟ್ಟು, ನಿಲ್ಲಿಸಿ, ಹರಡಲು ಬಿಡಬೇಕು. ಸಣ್ಣ ಫ್ಯಾನ್ ಸಾಕು. ಬರೀ ಬೆಳಕು ಕಾಣಬೇಕಾದರೆ ಫಾಗ್ ಬದಲು ಹೇಝರ್ ತನ್ನಿ. ತೆಳುವಾದ ಹೊಗೆ, ಜಾಸ್ತಿ ಹೊತ್ತು ನಿಲ್ಲುತ್ತದೆ. ಆದರೆ ಅದಕ್ಕೂ ಐಸೋಲೇಟ್ ಬೇಕೇ ಬೇಕು. ತೆಳು ಅಂತ ಡಿಟೆಕ್ಟರ್ ಬಿಟ್ಟುಬಿಡುವುದಿಲ್ಲ.

ಲಿಕ್ವಿಡ್ ಮಿಷಿನ್ ಕಂಪನಿ ಹೇಳಿದ್ದೇ ಹಾಕಿ. ನೀರು ಬೆರೆಸಿ ಉಳಿಸಲು ಹೋಗಬೇಡಿ. ಮೂತಿ ಮುಂದೆ ನೆಲ ಜಾರುತ್ತದೆ, ಬರಿಗಾಲಲ್ಲಿ ಕುಣಿಯುವ ಮಕ್ಕಳಿದ್ದರೆ ಒರೆಸಲು ಒಬ್ಬರು ಇರಲಿ. ಉಬ್ಬಸ ಇರುವವರಿಗೆ ತಿಳಿಯುವಂತೆ ಬಾಗಿಲಲ್ಲಿ ಒಂದು ಬೋರ್ಡು. ಮುಗಿದ ಮೇಲೆ ಬಾಗಿಲು ತೆರೆದು, ಮತ್ತೆ ಟಾರ್ಚ್ ಹಾಕಿ ನೋಡಿ, ಗೆರೆ ಕಾಣದಿದ್ದರೆ ಮಾತ್ರ ಝೋನ್ ಆನ್.

ಪ್ರಶ್ನೆ – ಹೋಂಸ್ಟೇ, ಗಾಳಿಬೀಡು

ನಡುವೆ ಬಾಯಿ ಹಾಕ್ತಿದ್ದೇನೆ. ನಮ್ಮಲ್ಲಿ ನಾಟಕ ಇಲ್ಲ, ಮಿಷಿನ್ ಇಲ್ಲ. ಜುಲೈನಲ್ಲಿ ಕಿಟಕಿಯಿಂದ ಮಂಜು ಬಂದರೂ ಹೊಡೆಯುತ್ತೆ. ಡಿಟೆಕ್ಟರ್‌ಗೆ ಶವರ್ ಕ್ಯಾಪ್ ಹಾಕಿ ಬಿಟ್ಟಿದ್ದೇವೆ.

ಉತ್ತರ – ಕುಶಾಲನಗರ

ಮೊದಲು ಕ್ಯಾಪ್ ತೆಗೀರಿ ಅಕ್ಕ, ಇವತ್ತೇ. ರಾತ್ರಿ ಮಲಗಿದ ಅತಿಥಿಗೆ ಅದೊಂದೇ ಕಾವಲು. ಮಂಜಿನ ಹನಿಯೂ ಗೂಡಿನೊಳಗೆ ಬೆಳಕು ಚದುರಿಸುತ್ತದೆ, ಒಳಗೆ ತೇವ ಕೂತರೂ ಹಾಗೇ. ಕಿಟಕಿ ಪಕ್ಕ ಅಥವಾ ಬಚ್ಚಲ ಬಾಗಿಲೆದುರು ಇದ್ದರೆ ಜಾಗ ಬದಲಿಸಿ. ಬಿಚ್ಚಿ ನೋಡಿದರೆ ಎಷ್ಟೋ ಸಲ ಜೇಡ ಸಿಗುತ್ತದೆ! ಅಡುಗೆಮನೆಯಲ್ಲಿ ಹೀಟ್ ಡಿಟೆಕ್ಟರ್ ಹಾಕಿಸಿ. ಮಳೆಗಾಲಕ್ಕೆ ಮುಂಚೆ ಒಮ್ಮೆ ಸರ್ವೀಸ್ ಇರಲಿ.

ಪ್ರಶ್ನೆ ಕೇಳಿದವರು

ಕೊನೇ ಪ್ರಶ್ನೆ ಅಣ್ಣ. ಮದುವೆ ರಿಸೆಪ್ಷನ್‌ನಲ್ಲಿ ನೆಲದ ಮೇಲೆ ಮೋಡ ಹರಿಸುತ್ತಾರಲ್ಲ, ಡ್ರೈ ಐಸ್. ಅದು ಮೇಲೆ ಏರುವುದಿಲ್ಲ ಅಲ್ವಾ? ಮೈಸೂರಿಂದ ತರೋಣ ಅಂತ.

ಉತ್ತರ – ಕುಶಾಲನಗರ

ಫ್ಯಾನ್ ಹಾಕದಿದ್ದರೆ ಏರುವುದಿಲ್ಲ, ಡಿಟೆಕ್ಟರ್‌ಗೆ ತೊಂದರೆ ಕಡಿಮೆ. ತೊಂದರೆ ಜನಕ್ಕೆ. ಅದು ಗಟ್ಟಿಯಾದ ಕಾರ್ಬನ್ ಡೈಆಕ್ಸೈಡ್, ಮೈನಸ್ 78 ಡಿಗ್ರಿ. ಒಂದು ಕಿಲೋ ಕರಗಿದರೆ 500 ಲೀಟರಿಗೂ ಜಾಸ್ತಿ ಗ್ಯಾಸ್. ಗಾಳಿಗಿಂತ ಭಾರ, ತಗ್ಗಲ್ಲಿ ಕೂರುತ್ತದೆ. ಕಮಂಡಲದ ಹಿಂದೆ ನೆಲಕ್ಕೆ ಕೂತ ಆ ಹುಡುಗಿಯ ಮೂಗಿನ ಮಟ್ಟವೇ ಅದು. ಅವಳನ್ನು ಮೇಲೆ ಕೂರಿಸಿ, ಇಲ್ಲ ಡ್ರೈ ಐಸ್ ಬಿಡಿ. ಬರಿಗೈಲಿ ಮುಟ್ಟಬೇಡಿ. ಥರ್ಮೋಕೋಲ್ ಡಬ್ಬಿಯಲ್ಲಿ ತನ್ನಿ, ಮುಚ್ಚಳಕ್ಕೆ ಟೇಪ್ ಸುತ್ತಿದರೆ ಒತ್ತಡಕ್ಕೆ ಸಿಡಿಯುತ್ತದೆ. ದಾರಿಯಲ್ಲೇ ಒಂದಷ್ಟು ಕರಗಿ ಹೋಗುತ್ತದೆ, ಹೋಗುವುದು ಕಾರಿನೊಳಗೆ. ಮೈಸೂರಿಂದಲೇ ಗಾಜು ಇಳಿಸಿರಬೇಕು, ಚಳಿ ಆಯ್ತು ಅಂತ ದಾರಿಯಲ್ಲಿ ಏರಿಸಬೇಡಿ.

ಪ್ರಶ್ನೆ ಕೇಳಿದವರು

ಸ್ವೆಟರ್ ಹಾಕ್ಕೊಂಡೇ ಹೋಗ್ತೇವೆ ಅಣ್ಣ. ಹಾಲ್‌ನವರಿಗೆ ಇವತ್ತೇ ಪತ್ರ ಬರೀತೇನೆ. ಕುರ್ಚಿ ಮನೆಯಲ್ಲೇ ಬಿಟ್ಟು ಬರ್ತೇವೆ.