ಸಹಾಯ ಬೇಕು: ಹಳೆಯ ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್

ಎಲ್ಲರಿಗೂ ನಮಸ್ಕಾರ. ನನ್ನ ಹಳೆಯ ಫೋರ್ ವೀಲ್ ಡ್ರೈವ್ ಜೀಪಿನ ಪೆಟ್ರೋಲ್ ಎಂಜಿನ್ ತೆಗೆದು, 4 ಸಿಲಿಂಡರಿನ ಡೀಸೆಲ್ ಎಂಜಿನ್ ಕೂರಿಸುವ ಕೆಲಸ ಅರ್ಧಕ್ಕೆ ಬಂದು ನಿಂತಿದೆ. ಹಳೆಯ ಗೇರ್‌ಬಾಕ್ಸಿಗೆ ಹೊಸ ಎಂಜಿನ್ ಜೋಡಿಸುವ ಅಡಾಪ್ಟರ್ ಪ್ಲೇಟ್ ಸರಿಯಾಗಿಯೇ ಕೂತಿದೆ, ತೊಡಕಿರುವುದು ಕೆಳಗೆ. ಎಂಜಿನ್ ತಳದ ಆಯಿಲ್ ತೊಟ್ಟಿಯಾದ ಸಂಪ್‌ಗೂ ಮುಂದಿನ ಆಕ್ಸಲ್‌ನ ನಡುವೆ ಉಬ್ಬಿರುವ ಗೇರುಗಳ ಗೂಡಾದ ಡಿಫರೆನ್ಷಿಯಲ್‌ಗೂ ನಡುವೆ ಒಂದು ಬೆರಳು ತೂರುವಷ್ಟೇ ಜಾಗ ಉಳಿದಿದ್ದು, ಗುಂಡಿಗೆ ಇಳಿದು ಸ್ಪ್ರಿಂಗ್ ಪೂರ್ತಿ ಕುಗ್ಗಿದರೆ ಎರಡೂ ಬಡಿದುಕೊಳ್ಳುವುದು ಖಂಡಿತ. ಎಂಜಿನ್ ಕೂರುವ ಮೌಂಟ್ ಎತ್ತರಿಸಿದರೆ, ಆಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಡುತ್ತದೆ. ಸಂಪ್ ಕತ್ತರಿಸಿ ಬೆಸುಗೆ ಹಾಕಿಸಿದರೆ, ಕಡಿದಾದ ಏರಿನಲ್ಲಿ ಪಂಪಿಗೆ ಆಯಿಲ್ ಸಿಗದೆ ಹೋದೀತೆಂಬ ಅಳುಕು. ಈ ಎರಡರಲ್ಲಿ ಯಾವುದು ಮೇಲು ಎಂಬುದನ್ನು ಸ್ವತಃ ಮಾಡಿ ನೋಡಿದವರು ದಯವಿಟ್ಟು ತಿಳಿಸಬೇಕು. ಡೀಸೆಲ್ ಎಂಜಿನ್ನಿನಲ್ಲಿ ಬ್ರೇಕ್ ಒತ್ತುವುದನ್ನು ಹಗುರ ಮಾಡುವ ಬೂಸ್ಟರಿಗೆ ಬೇಕಾದ ನಿರ್ವಾತ ತಾನಾಗಿ ಸಿಗದ ಕಾರಣ (ಇದು ನನಗೆ ಹೊಳೆದದ್ದು ತಡವಾಗಿ), ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಹಿಂಬದಿಗೆ ಜೋಡಿಸುವ ವ್ಯಾಕ್ಯೂಮ್ ಪಂಪ್ ಸಾಕಾಗುವುದೇ ಎಂಬುದನ್ನೂ ಹೇಳಿದರೆ ಉಪಕಾರವಾಗುತ್ತದೆ.