ಆಷಾಢದ ಗಾಳಿಯಲ್ಲಿ ಹವಾಮಾನ ಬಲೂನು ಹಾರಿಸುವುದು ಹೇಗೆ?

ಪ್ರಶ್ನೆ – ಭೌತಶಾಸ್ತ್ರ ಅಧ್ಯಾಪಕ, ದಾವಣಗೆರೆ

ಮುಂಗಾರಿನಲ್ಲಿ ನಮ್ಮ ಜಿಲ್ಲೆಯ ಮೇಲೆ ಉಷ್ಣತೆ, ತೇವಾಂಶ ಮತ್ತು ಗಾಳಿ ಎತ್ತರಕ್ಕೆ ತಕ್ಕಂತೆ ಹೇಗೆ ಬದಲಾಗುತ್ತವೆ ಎಂಬುದನ್ನು ವಿದ್ಯಾರ್ಥಿಗಳೊಂದಿಗೆ ಅಳೆಯಬೇಕೆಂದಿದ್ದೇನೆ. ವಾಯು ಸಂಚಾರ ನಿಯಂತ್ರಣದವರ ಅನುಮತಿ ದೊರೆತಿದೆ. ಆದರೆ ಊರ ಹೊರಗಿನ ಬಯಲಿನಲ್ಲಿ ಹೀಲಿಯಂ ತುಂಬಿ ಬಿಟ್ಟಾಗ ಬಲೂನು ಮೇಲೇರುವ ಬದಲು ಪೂರ್ವಕ್ಕೆ ವಾಲಿಕೊಂಡು ಓಡಿತು. 30 ಮೀಟರ್ ದಾರದ ತುದಿಯಲ್ಲಿದ್ದ ಪೆಟ್ಟಿಗೆ ಮೆಕ್ಕೆಜೋಳದ ಹೊಲದಲ್ಲಿ ನೆಲಕ್ಕೆ ಬಡಿಯುತ್ತಾ ಸಾಗಿತು. ದಾರವನ್ನು ಗಿಡ್ಡ ಮಾಡಬೇಕೇ, ಅನಿಲವನ್ನು ಹೆಚ್ಚಿಸಬೇಕೇ?

ಉತ್ತರ – ನಿವೃತ್ತ ಹವಾಮಾನ ವೀಕ್ಷಕ, ಚಿತ್ರದುರ್ಗ

ದಾರವನ್ನು ದಯವಿಟ್ಟು ಗಿಡ್ಡ ಮಾಡಬೇಡಿ. ಬಿಸಿಲಿಗೆ ಕಾದ ಬಲೂನಿನ ಹಿಂದೆ ಬೆಚ್ಚಗಿನ ಗಾಳಿಯ ಜಾಡು ಉಳಿಯುತ್ತದೆ. ಪೆಟ್ಟಿಗೆ ಅದರೊಳಗೆ ಸಿಕ್ಕಿದರೆ ಉಷ್ಣತೆಯ ಅಳತೆಯೇ ಕೆಡುತ್ತದೆ. ಅನಿಲ ಹೆಚ್ಚಿಸಿದರೆ ಏರುವ ವೇಗ ಹೆಚ್ಚುವುದು ನಿಜವಾದರೂ ಬಲೂನು ಇನ್ನೂ ತಗ್ಗಿನಲ್ಲೇ ಒಡೆಯುತ್ತದೆ.

ಲೆಕ್ಕ ಹಾಕಿ ನೋಡಿ. ಬಲೂನು ಸೆಕೆಂಡಿಗೆ 5 ಮೀಟರ್ ಏರುತ್ತದೆ, ಗಾಳಿ ಸೆಕೆಂಡಿಗೆ 10 ಮೀಟರ್ ಬೀಸುತ್ತಿದೆ ಎಂದುಕೊಳ್ಳೋಣ. ಬಲೂನು ಮತ್ತು ಪೆಟ್ಟಿಗೆಯನ್ನು ಒಂದೇ ಜಾಗದಿಂದ ಬಿಟ್ಟರೆ ಮೂರು ಸೆಕೆಂಡಿನೊಳಗೆ, ಬಲೂನು ಇನ್ನೂ 13 ಮೀಟರ್ ಎತ್ತರದಲ್ಲಿರುವಾಗಲೇ, ದಾರ ಬಿಗಿಯಾಗಿ ಪೆಟ್ಟಿಗೆಯನ್ನು ಅಡ್ಡಡ್ಡ ಎಳೆಯುತ್ತದೆ. ಅದರ ಬದಲು ಪೆಟ್ಟಿಗೆ ಹಿಡಿದವರು ಗಾಳಿ ಹೋಗುವ ದಿಕ್ಕಿನಲ್ಲಿ 30 ಮೀಟರ್ ಮುಂದೆ ನಿಲ್ಲಲಿ. ಬಲೂನು ಅವರ ತಲೆಯ ಮೇಲೆ ಹಾದು ಹೋಗಿ, ದಾರ ಬಿಗಿಯಾಗುವ ಹೊತ್ತಿಗೆ ಸುಮಾರು 24 ಮೀಟರ್ ಎತ್ತರದಲ್ಲಿರುತ್ತದೆ. ದಾರ ಬಿಗಿಯಾಗುತ್ತಿದ್ದಂತೆ ನಾಲ್ಕು ಹೆಜ್ಜೆ ಅದರ ಜೊತೆಗೇ ಓಡಿ ಕೈಬಿಟ್ಟರೆ ಜಗ್ಗು ಇನ್ನೂ ಕಡಿಮೆಯಾಗುತ್ತದೆ. ಹಾರುತ್ತಾ ಹೋದಂತೆ ತಾನಾಗಿ ನಿಧಾನವಾಗಿ ದಾರ ಬಿಚ್ಚಿಕೊಡುವ ಉರುಳೆ ದೊರೆಯುತ್ತದೆ. ಅದಿದ್ದರೆ ಪೆಟ್ಟಿಗೆ ಮೊದಲು ಬಲೂನಿನ ಹತ್ತಿರವೇ ಇದ್ದು ನೆಲದಿಂದ ಬೇಗ ಮೇಲೇಳುತ್ತದೆ. ನಾನಾದರೆ ಅದನ್ನೇ ಆರಿಸುತ್ತೇನೆ.

ಅನಿಲವನ್ನು ಗೋಡೆಯ ಮರೆಯಲ್ಲಿ, ಹತ್ತಿಯ ಕೈಗವಸು ತೊಟ್ಟು ತುಂಬಿ. ಬೆರಳಿನ ಎಣ್ಣೆ, ಉಗುರಿನ ಗೀರು ತೆಳುವಾದ ರಬ್ಬರಿಗೆ ಒಳ್ಳೆಯದಲ್ಲ.

ಉತ್ತರ – ಸಂಶೋಧನಾ ವಿದ್ಯಾರ್ಥಿನಿ, ಚಳ್ಳಕೆರೆ

ಸರ್, ಸಾಧ್ಯವಾದರೆ ಸೂರ್ಯೋದಯಕ್ಕೆ ಮುಂಚೆ ಹಾರಿಸಿ. ರಾತ್ರಿ ನೆಲ ತಣಿದಾಗ ಮೇಲಿನ ಬಲವಾದ ಗಾಳಿ ಕೆಳಗಿಳಿಯುವುದು ತಗ್ಗುತ್ತದೆ. ಬಿಸಿಲೇರಿದ ಮೇಲೆ ಮತ್ತೆ ಬೆರೆಯುತ್ತದೆ. ಮೋಡ ಕವಿದ ರಾತ್ರಿಗಳಲ್ಲಿ ಈ ಲಾಭ ಅಷ್ಟಾಗಿ ಸಿಗುವುದಿಲ್ಲ. ಪೂರ್ವ ದಿಕ್ಕಿನಲ್ಲಿ ವಿದ್ಯುತ್ ತಂತಿ, ಗಾಳಿಯಂತ್ರಗಳು ಇಲ್ಲದ ಬಯಲನ್ನೇ ಆರಿಸಿ.

ಪ್ರಶ್ನಿಸಿದವರು

ಇಬ್ಬರಿಗೂ ಕೃತಜ್ಞತೆಗಳು. ಹಾಗಾದರೆ ಪೆಟ್ಟಿಗೆಯನ್ನು ಚಳ್ಳಕೆರೆಯ ಕಡೆ ಹುಡುಕಬೇಕೇ?

ಉತ್ತರ – ನಿವೃತ್ತ ಹವಾಮಾನ ವೀಕ್ಷಕ, ಚಿತ್ರದುರ್ಗ

ಬೇಡ. ಮುಂಗಾರಿನ ಪಶ್ಚಿಮದ ಗಾಳಿ ಇರುವುದು ಕೆಳಗಿನ ಸುಮಾರು 6 ಕಿಲೋಮೀಟರ್ ವರೆಗೆ ಮಾತ್ರ. ಅದರ ಮೇಲೆ ಗಾಳಿ ಪೂರ್ವದಿಂದ ಬೀಸುತ್ತದೆ. 14–16 ಕಿಲೋಮೀಟರ್ ಎತ್ತರದಲ್ಲಿ ಬಹಳ ರಭಸ ಪಡೆಯುತ್ತದೆ. ಬಲೂನು ಮೊದಲು ಪೂರ್ವಕ್ಕೆ ಹೋಗಿ, ನಿಮ್ಮ ತಲೆಯ ಮೇಲೆಯೇ ಹಿಂದಿರುಗಿ, 30 ಕಿಲೋಮೀಟರ್ ಆಸುಪಾಸಿನಲ್ಲಿ ಒಡೆದಾಗ ಪೆಟ್ಟಿಗೆ ಹೆಚ್ಚಾಗಿ ಹೊನ್ನಾಳಿ, ಶಿಕಾರಿಪುರದ ಕಡೆಗೋ ಅದರಾಚೆಗೋ ಇಳಿಯುತ್ತದೆ. ಸಿಕ್ಕವರು ಹೆದರದಂತೆ ಅದರ ಮೇಲೆ ಕಾಲೇಜಿನ ಹೆಸರನ್ನೂ, ಇದು ಅಪಾಯಕಾರಿಯಲ್ಲವೆಂಬುದನ್ನೂ ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆದಿರಿ.