ಅಪಘಾತದ ದಿನ ಯಾರಿಗೂ ನೋವಿರಲಿಲ್ಲ, ಮರುದಿನ ಕುತ್ತಿಗೆ ಹಿಡಿದಿದೆ: ಏನನ್ನು ಗಮನಿಸಬೇಕು?

ಪ್ರಶ್ನೆ: ನಿನ್ನೆ ಸಂಜೆ ತುಮಕೂರು ರಸ್ತೆಯ ಟೋಲ್ ಹತ್ತಿರ ನಿಂತಿದ್ದ ನಮ್ಮ ಕಾರಿಗೆ ಹಿಂದಿನಿಂದ ಟೆಂಪೋ ಗುದ್ದಿತು. ಆ ರಭಸಕ್ಕೆ ನಮ್ಮ ಕಾರು ಮುಂದಿದ್ದ ಕಾರಿಗೆ ಹೋಗಿ ಬಡಿಯಿತು. ಮುಂದೆ ಕೂತಿದ್ದ ನಾನು (34) ಮತ್ತು ನನ್ನ ಹೆಂಡತಿ ಬೆಲ್ಟ್ ಹಾಕಿದ್ದೆವು. ಹಿಂದೆ ಇದ್ದ ಅಪ್ಪ (68) ಹಾಕಿರಲಿಲ್ಲ. ಅವರ ಹಣೆ ಮುಂದಿನ ಸೀಟಿಗೆ ತಗುಲಿ ಸ್ವಲ್ಪ ಊದಿದೆ. ಅಪ್ಪನಿಗೆ ಸ್ಟೆಂಟ್ ಹಾಕಿ 8 ತಿಂಗಳಾಗಿದೆ, ಆಸ್ಪಿರಿನ್ ಮತ್ತು ಕ್ಲೊಪಿಡೋಗ್ರೆಲ್ ತೆಗೆದುಕೊಳ್ಳುತ್ತಾರೆ. ನಿನ್ನೆ ಯಾರಿಗೂ ನೋವಿರಲಿಲ್ಲ ಅಂತ ಆಸ್ಪತ್ರೆಗೆ ಹೋಗಲಿಲ್ಲ. ಬೆಳಿಗ್ಗೆ ಎದ್ದರೆ ನನ್ನ ಕುತ್ತಿಗೆ ತಿರುಗುತ್ತಿಲ್ಲ. ಹೆಂಡತಿಯ ಕೆಳಹೊಟ್ಟೆಯ ಮೇಲೆ ಬೆಲ್ಟಿನ ಅಚ್ಚು ಕಂದಿದೆ, ಮುಟ್ಟಿದರೆ ನೋವು. ಅಪ್ಪ ‘ನನಗೇನೂ ಆಗಿಲ್ಲ’ ಅಂತಿದ್ದಾರೆ. ನನ್ನ ಕುತ್ತಿಗೆಗೆ ಎಕ್ಸ್‌ರೇ ಬೇಕಾ, ಮಾತ್ರೆ ಸಾಕಾ?

ಉತ್ತರ (ತುರ್ತು ಚಿಕಿತ್ಸಾ ವೈದ್ಯೆ): ನೀವು ಕೇಳಿದ್ದು ನಿಮ್ಮ ಕುತ್ತಿಗೆಯ ಬಗ್ಗೆ, ಆದರೆ ನಾನು ಅಪ್ಪನಿಂದ ಶುರು ಮಾಡುತ್ತೇನೆ. ಮೂವರಲ್ಲಿ ಹೆಚ್ಚು ಅಪಾಯ ಇರುವುದು ‘ಏನೂ ಆಗಿಲ್ಲ’ ಅನ್ನುವ ಅವರಿಗೇ.

ವಯಸ್ಸಾದಂತೆ ಮೆದುಳು ಸ್ವಲ್ಪ ಕುಗ್ಗುತ್ತದೆ. ತಲೆಬುರುಡೆಗೂ ಮೆದುಳಿಗೂ ನಡುವೆ ಜಾಗ ಹೆಚ್ಚಾಗಿ, ಅಲ್ಲಿ ಹಾದುಹೋಗುವ ಸಣ್ಣ ರಕ್ತನಾಳಗಳು ಎಳೆದುಕೊಂಡಂತೆ ಇರುತ್ತವೆ. ತಲೆ ಜೋರಾಗಿ ಅಲುಗಿದರೆ ಅವು ಹರಿದು ರಕ್ತ ನಿಧಾನವಾಗಿ ಒಸರಬಹುದು. ಒಳಗೆ ಜಾಗ ಇರುವುದರಿಂದ ಕೂಡಲೇ ಒತ್ತಡ ಬೀಳುವುದಿಲ್ಲ, ಮನುಷ್ಯ ಕಾಫಿ ಕುಡಿದು ಪೇಪರ್ ಓದುತ್ತಾ ಆರಾಮಾಗೇ ಇರುತ್ತಾನೆ. ಜೊತೆಗೆ ಇವರಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಎರಡು ಮಾತ್ರೆ ನಡೆಯುತ್ತಿವೆ.

ಹಾಗಾಗಿ ತಲೆನೋವು ಇಲ್ಲದಿದ್ದರೂ ಇವತ್ತೇ ಅಪ್ಪನಿಗೆ ತಲೆಯ ಸಿ.ಟಿ. ಸ್ಕ್ಯಾನ್ ಮಾಡಿಸಿ. ಇದಕ್ಕೆ ಸಾದಾ ಸಿ.ಟಿ. ಸಾಕು, ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲು ರಕ್ತನಾಳಕ್ಕೆ ಕೊಡುವ ಔಷಧಿ) ಬೇಡ, ಕೆಲವೇ ನಿಮಿಷದ ಕೆಲಸ. 65 ದಾಟಿದವರ ಕುತ್ತಿಗೆ ಮೂಳೆ ಸಣ್ಣ ಪೆಟ್ಟಿಗೂ ಬಿರುಕು ಬಿಡಬಹುದು, ಅದನ್ನೂ ಅಲ್ಲಿಯೇ ನೋಡಲು ಹೇಳಿ. ಒಂದು ಎಚ್ಚರಿಕೆ: ಹೆದರಿ ಕ್ಲೊಪಿಡೋಗ್ರೆಲ್ ಅನ್ನು ನೀವಾಗಿ ನಿಲ್ಲಿಸಬೇಡಿ. ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟಿದರೆ ಅದು ಇನ್ನೊಂದು ದೊಡ್ಡ ಅನಾಹುತ. ನಿಲ್ಲಿಸಬೇಕೋ ಬೇಡವೋ ಎಂದು ಸಿ.ಟಿ. ನೋಡಿದ ವೈದ್ಯರು ಹೃದಯದ ಡಾಕ್ಟರ ಜೊತೆ ಮಾತಾಡಿ ತೀರ್ಮಾನಿಸುತ್ತಾರೆ. ಮಾತ್ರೆ ಚೀಟಿ ಕೈಯಲ್ಲೇ ಇರಲಿ, ಬಾಗಿಲಲ್ಲೇ ಹೇಳಿ.

ಇನ್ನು ನಿಮ್ಮ ಹೆಂಡತಿ. ಬೆಲ್ಟಿನ ಕೆಳಪಟ್ಟಿ ಸೊಂಟದ ಮೂಳೆಯ ಮೇಲೆ ಕೂರಬೇಕು. ಮೇಲೆ ಸರಿದು ಹೊಟ್ಟೆಯ ಮೇಲೆ ಬಂದಿದ್ದರೆ, ಗುದ್ದಿದ ಕ್ಷಣದಲ್ಲಿ ಕರುಳು ಬೆಲ್ಟಿಗೂ ಬೆನ್ನುಮೂಳೆಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಕಂದಿದ ಅಚ್ಚು ಇದ್ದರೆ ಚರ್ಮದ ಗಾಯ ಎಂದು ಬಿಡುವಂತಿಲ್ಲ. ಕರುಳಿನಲ್ಲಿ ಸಣ್ಣ ತೂತಾದರೆ ಮೊದಲ ಕೆಲವು ಗಂಟೆ ಹೊಟ್ಟೆ ಮೆತ್ತಗೇ ಇರುತ್ತದೆ. ಆಮೇಲೆ ನೋವು ಏರುತ್ತಾ ಹೋಗುತ್ತದೆ, ಹೊಟ್ಟೆ ಬಿಗಿಯುತ್ತದೆ, ವಾಂತಿ, ಜ್ವರ ಬರುತ್ತದೆ. ಹೊಟ್ಟೆಯ ಅಲ್ಟ್ರಾಸೌಂಡ್ ಒಳಗೆ ರಕ್ತ ನಿಂತಿದ್ದರೆ ತೋರಿಸುತ್ತದೆ, ಆದರೆ ಕರುಳಿನ ಗಾಯ ಅದರಲ್ಲಿ ತಪ್ಪಿಹೋಗಬಹುದು. ‘ಸ್ಕ್ಯಾನಿಂಗ್ ನಾರ್ಮಲ್’ ಎಂದ ಮೇಲೂ ನೋವು ಏರಿದರೆ ಮತ್ತೆ ಹೋಗಿ, ಕಾಂಟ್ರಾಸ್ಟ್ ಸಿ.ಟಿ. ಬೇಕಾ ಎಂದು ಕೇಳಿ. ಆಸ್ಪತ್ರೆಯಲ್ಲಿ ಅವರನ್ನು ನೋಡುವವರೆಗೆ ಮನೆಯಲ್ಲಿ ಏನೂ ತಿನ್ನಿಸಬೇಡಿ, ಆಪರೇಷನ್ ಬೇಕಾದರೆ ಖಾಲಿ ಹೊಟ್ಟೆ ಇರುವುದು ಒಳ್ಳೆಯದು.

ಎಡಪಕ್ಕೆಯ ಕೆಳಗೆ ನೋವಿದ್ದು, ಮಲಗಿದಾಗ ಎಡ ಭುಜದ ತುದಿ ನೋಯುತ್ತದೆ ಎಂದರೆ ಗುಲ್ಮದಿಂದ (ಎಡಪಕ್ಕೆಯ ಒಳಗಿರುವ ಅಂಗ, ಸ್ಪ್ಲೀನ್) ರಕ್ತ ಸೋರುತ್ತಿರಬಹುದು. ಭುಜಕ್ಕೆ ಪೆಟ್ಟೇ ಬಿದ್ದಿರುವುದಿಲ್ಲ, ಅದಕ್ಕೇ ಜನ ಅದನ್ನು ಮುಲಾಮು ಹಚ್ಚುವ ನೋವು ಎಂದುಕೊಳ್ಳುತ್ತಾರೆ. ಇದು ಎರಡು ದಿನ ದಾಟಿ, ಕೆಲವೊಮ್ಮೆ ವಾರ ಕಳೆದೂ ಕಾಣಿಸಿಕೊಳ್ಳಬಹುದು. ಎದ್ದು ನಿಂತರೆ ತಲೆ ಸುತ್ತುವುದು, ಮುಖ ಬಿಳಿಚಿಕೊಂಡು ಬೆವರುವುದು, ಮೂತ್ರ ಕೆಂಪಾಗುವುದು, ನಡುಬೆನ್ನಿನ ಮೂಳೆಯ ಮೇಲೇ ನೋವು: ಇವುಗಳಲ್ಲಿ ಒಂದಿದ್ದರೂ ತಡ ಮಾಡದೆ 108ಕ್ಕೆ ಕರೆ ಮಾಡಿ.

ಉತ್ತರ (ಫಿಸಿಯೋಥೆರಪಿಸ್ಟ್): ಮೇಡಂ ಹೇಳಿದ್ದಕ್ಕೆ ಕುತ್ತಿಗೆಯ ವಿಷಯ ಸೇರಿಸುತ್ತೇನೆ. ಹಿಂದಿನಿಂದ ಗುದ್ದಿದಾಗ ಮೈ ಸೀಟಿನ ಜೊತೆ ಮುಂದೆ ಹೋಗುತ್ತದೆ, ತಲೆ ಹಿಂದೆ ಉಳಿದು ಆಮೇಲೆ ಮುಂದಕ್ಕೆ ಎಗರುತ್ತದೆ. ಸ್ನಾಯು, ಮೂಳೆಗಳನ್ನು ಹಿಡಿದಿಡುವ ಕಟ್ಟುಗಳು ಎಳೆದುಕೊಂಡು ಅಲ್ಲಲ್ಲಿ ಹರಿಯುತ್ತವೆ. ಆ ಹೊತ್ತಿನ ಗಾಬರಿಯಲ್ಲಿ ದೇಹ ನೋವನ್ನು ಮರೆಸುತ್ತದೆ. ಹರಿದ ಕಡೆ ಊತ ಬರಲು ಗಂಟೆಗಳು ಬೇಕು, ಆದ್ದರಿಂದ ಬಿಗಿತ ಮರುದಿನ ಬೆಳಿಗ್ಗೆ ಶುರುವಾಗಿ ಎರಡು ಮೂರನೇ ದಿನಕ್ಕೆ ಜಾಸ್ತಿ ಆಗುವುದು ಸಾಮಾನ್ಯ.

ವ್ಯಾಯಾಮಕ್ಕೆ ಮೊದಲು ಮೂರು ವಿಷಯ ನೋಡಿಕೊಳ್ಳಿ. ಕುತ್ತಿಗೆಯ ಹಿಂದೆ ನಟ್ಟನಡುವೆ, ಮೂಳೆಯ ಮೇಲೆ ಬೆರಳಿಟ್ಟು ಮೆಲ್ಲಗೆ ಒತ್ತಿದರೆ ನೋವಿದೆಯಾ? ಕೈ ಬೆರಳಲ್ಲಿ ಜೋಮು, ಶಕ್ತಿ ಕಡಿಮೆ ಆದಂತೆ ಇದೆಯಾ? ಬಲವಂತ ಮಾಡದೆ ಎರಡೂ ಕಡೆಗೆ ಸುಮಾರು 45 ಡಿಗ್ರಿ, ಅಂದರೆ ಭುಜದ ಕಡೆಗೆ ಅರ್ಧದಷ್ಟು, ತಿರುಗಲು ಆಗುತ್ತಿದೆಯಾ? ಮೊದಲ ಎರಡಕ್ಕೆ ಹೌದು ಅಥವಾ ಮೂರನೆಯದಕ್ಕೆ ಇಲ್ಲ ಎಂದಾದರೆ ಮೊದಲು ವೈದ್ಯರ ಪರೀಕ್ಷೆ, ಎಕ್ಸ್‌ರೇ ಅಥವಾ ಸ್ಕ್ಯಾನ್. ‘ತಿರುಗುತ್ತಿಲ್ಲ’ ಎಂದು ಬರೆದಿದ್ದೀರಿ, ಹಾಗಾಗಿ ಅಪ್ಪನ ಜೊತೆ ನೀವೂ ತೋರಿಸಿಕೊಳ್ಳಿ. ಅಲ್ಲಿಯವರೆಗೆ ಕಾರು ನೀವು ಓಡಿಸಬೇಡಿ.

ಮೂಳೆ ಸರಿಯಿದೆ ಎಂದಾದ ಮೇಲೆ ಕಾಲರ್ ಹಾಕಿಕೊಂಡು ವಾರಗಟ್ಟಲೆ ಕೂರಬೇಡಿ, ಸ್ನಾಯು ಸೊರಗಿ ಬಿಗಿತ ಉಳಿದುಬಿಡುತ್ತದೆ. ಮೊದಲ ಎರಡು ದಿನ ಬಟ್ಟೆಯಲ್ಲಿ ಸುತ್ತಿದ ಐಸ್ 15 ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ಆಮೇಲೆ ಬಿಸಿ ಶಾಖ. ಹಗಲಲ್ಲಿ ಎರಡು ಮೂರು ಗಂಟೆಗೊಮ್ಮೆ ಕುತ್ತಿಗೆಯನ್ನು ನಿಧಾನವಾಗಿ ಎಡಕ್ಕೆ, ಬಲಕ್ಕೆ ತಿರುಗಿಸಿ, ಹತ್ತು ಸಲ, ನೋವು ಶುರುವಾಗುವ ಹಂತದವರೆಗೆ ಮಾತ್ರ.

ಒಂದು ವಿಷಯವನ್ನು ಕೈಮುಗಿದು ಹೇಳುತ್ತೇನೆ. ಉಳುಕು ತೆಗೆಸಲು, ಕಟಿಂಗ್ ಶಾಪಿನಲ್ಲಿ ಕುತ್ತಿಗೆಯ ನೆಟಿಕೆ ತೆಗೆಸಲು ಹೋಗಬೇಡಿ. ಕುತ್ತಿಗೆಯೊಳಗಿನ ರಕ್ತನಾಳದ ಒಳಪದರ ಅಪಘಾತದಲ್ಲೇ ಸ್ವಲ್ಪ ಹರಿದಿರಬಹುದು. ಫಟ್ ಎಂದು ತಿರುಗಿಸಿದರೆ ಅದು ಇನ್ನಷ್ಟು ಬಿಟ್ಟುಕೊಂಡು ಸ್ಟ್ರೋಕ್ ಆಗಬಹುದು. ತಿರುಗಿಸದೆಯೂ ಕೆಲವು ದಿನಗಳ ನಂತರ ಆಗಬಹುದು: ಕುತ್ತಿಗೆಯ ಒಂದೇ ಕಡೆ ಹಿಂದೆಂದೂ ಕಾಣದಂಥ ನೋವು, ಒಂದು ರೆಪ್ಪೆ ಜೋತುಬೀಳುವುದು, ಮಾತು ತೊದಲುವುದು, ಬಾಯಿ ಸೊಟ್ಟಗಾಗುವುದು. ಆಗ ಫಿಸಿಯೋ ಬೇಡ, ನೇರ ಆಸ್ಪತ್ರೆ.

ಮರುಪ್ರಶ್ನೆ: ನೋವಿಗೆ ಮನೆಯಲ್ಲಿ ಡೈಕ್ಲೋಫೆನಾಕ್ ಇದೆ, ಮೂವರೂ ತೆಗೆದುಕೊಳ್ಳಬಹುದಾ?

ಉತ್ತರ (ತುರ್ತು ಚಿಕಿತ್ಸಾ ವೈದ್ಯೆ): ಬೇಡ. ತಲೆ, ಹೊಟ್ಟೆ ಸರಿಯಿದೆ ಎಂದು ಖಚಿತವಾಗುವವರೆಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಯಾರಿಗೂ ಬೇಡ, ರಕ್ತಸ್ರಾವ ಹೆಚ್ಚಬಹುದು. ಅಪ್ಪನಿಗಂತೂ ಈಗಿನ ಮಾತ್ರೆಗಳ ಜೊತೆ ಬೇಡವೇ ಬೇಡ. ಲಿವರ್ ತೊಂದರೆ ಇಲ್ಲದಿದ್ದರೆ ಪ್ಯಾರಾಸಿಟಮಾಲ್ 650, ಆರು ಗಂಟೆ ಅಂತರದಲ್ಲಿ, ದಿನಕ್ಕೆ ನಾಲ್ಕು ಮೀರದಂತೆ. ಹೆಂಡತಿಯ ಹೊಟ್ಟೆನೋವಿಗೆ ಮಾತ್ರ ಪರೀಕ್ಷೆ ಆಗುವವರೆಗೆ ಏನೂ ಕೊಡಬೇಡಿ.

ಇನ್ನೊಬ್ಬ ಸದಸ್ಯೆಯ ಪ್ರಶ್ನೆ: ಗರ್ಭಿಣಿಯರಿಗೆ ಇಂಥ ಪೆಟ್ಟಾಗಿ, ಏನೂ ನೋವಿಲ್ಲದಿದ್ದರೆ?

ಉತ್ತರ (ತುರ್ತು ಚಿಕಿತ್ಸಾ ವೈದ್ಯೆ): ಆಗಲೂ ಹೋಗಲೇಬೇಕು. ತಾಯಿಗೆ ಗಾಯವೇ ಇಲ್ಲದೆ ಗರ್ಭಕೋಶದಿಂದ ಮಾಸು ಬಿಟ್ಟುಕೊಳ್ಳಬಹುದು. 5 ತಿಂಗಳು ದಾಟಿದ ಮೇಲೆ ಮಗುವಿನ ಎದೆಬಡಿತ, ಗರ್ಭಕೋಶದ ಬಿಗಿತ ಎರಡನ್ನೂ ಕನಿಷ್ಠ 4 ಗಂಟೆ ಯಂತ್ರದಲ್ಲಿ ನೋಡುತ್ತಾರೆ. ಸ್ಕ್ಯಾನ್ ಒಂದರಿಂದ ಮಾಸು ಸರಿಯಿದೆ ಎನ್ನಲು ಆಗುವುದಿಲ್ಲ. ತಾಯಿಯ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ 72 ಗಂಟೆಯೊಳಗೆ ಕೊಡುವ ಆಂಟಿ-ಡಿ ಇಂಜೆಕ್ಷನ್ (ತಾಯಿಯ ದೇಹ ಮಗುವಿನ ರಕ್ತದ ವಿರುದ್ಧ ತಿರುಗದಂತೆ ತಡೆಯುವುದು) ವಿಷಯ ಕೇಳಿ. ರಕ್ತ ಕಾಣಿಸಿದರೆ, ನೀರು ಹೋದರೆ, ಮಗುವಿನ ಅಲುಗಾಟ ಕಡಿಮೆಯಾದರೆ ಕಾಯಬೇಡಿ.

ಮರುಪ್ರಶ್ನೆ: ಮೂವರೂ ತೋರಿಸಿಕೊಂಡೆವು. ಅಪ್ಪನ ಸಿ.ಟಿ. ನಾರ್ಮಲ್, ಹೃದಯದ ಡಾಕ್ಟರು ಮಾತ್ರೆ ಮುಂದುವರಿಸಲು ಹೇಳಿದರು. ಹೆಂಡತಿಯನ್ನು ಒಂದು ದಿನ ಇಟ್ಟುಕೊಂಡು ನೋಡುತ್ತಿದ್ದಾರೆ. ನನ್ನದು ಸ್ನಾಯು ನೋವು ಅಷ್ಟೇ. ಎಂ.ಎಲ್.ಸಿ. (ಅಪಘಾತದ ಗಾಯಗಳನ್ನು ಆಸ್ಪತ್ರೆ ಪೊಲೀಸ್ ಕೇಸಿಗಾಗಿ ದಾಖಲಿಸುವುದು) ತಡವಾಗಿ ಮಾಡಿಸಿದ್ದು ತೊಂದರೆಯಾ? ಅಪ್ಪನನ್ನು ಇನ್ನು ಎಷ್ಟು ದಿನ ಗಮನಿಸಬೇಕು?

ಉತ್ತರ (ತುರ್ತು ಚಿಕಿತ್ಸಾ ವೈದ್ಯೆ): ಎಂ.ಎಲ್.ಸಿ. ಮರುದಿನವೂ ಆಗುತ್ತದೆ. ಅಪಘಾತ ಆದ ಸಮಯ, ನೀವು ಬಂದ ಸಮಯ ಎರಡೂ ಆಸ್ಪತ್ರೆಯ ದಾಖಲೆ ಪುಸ್ತಕದಲ್ಲಿ ಇರಬೇಕು, ಅಷ್ಟೇ. ಬೆಲ್ಟಿನ ಅಚ್ಚಿನ ಫೋಟೋ ತೆಗೆದಿಡಿ, ಅದು ಕೆಲವೇ ದಿನದಲ್ಲಿ ಮಾಸುತ್ತದೆ. ಪೊಲೀಸ್ ದೂರು ತಡ ಮಾಡಬೇಡಿ. ಪರಿಹಾರದ ಅರ್ಜಿಗೆ ಕಾನೂನು 6 ತಿಂಗಳ ಗಡುವು ಹಾಕಿದೆ.

ಅಪ್ಪನ ವಿಷಯ: ಮೊದಲ ಸಿ.ಟಿ. ನಾರ್ಮಲ್ ಇದ್ದು, ರಕ್ತ ಮೆಲ್ಲಗೆ ಸೇರಿ ಮೂರು ವಾರ ಕಳೆದ ಮೇಲೆ ತೊಂದರೆ ಕೊಡುವುದುಂಟು. ಆರು ವಾರ ಕಣ್ಣಿಟ್ಟಿರಿ. ತಲೆನೋವೇ ಬರಬೇಕೆಂದಿಲ್ಲ. ನಡೆಯುವಾಗ ಒಂದು ಕಾಲಿನ ಚಪ್ಪಲಿ ಮಾತ್ರ ಜಾರುವುದು, ಅಂಗಿ ಗುಂಡಿ ಹಾಕಲು ತಡವರಿಸುವುದು, ಹಗಲೆಲ್ಲ ತೂಕಡಿಸುವುದು, ಗೊತ್ತಿಲ್ಲದೆ ಮೂತ್ರ ಹೋಗುವುದು, ಕೇಳಿದ್ದನ್ನೇ ಮತ್ತೆ ಕೇಳುವುದು. ಮನೆಯವರು ಇದನ್ನು ‘ವಯಸ್ಸಾಯಿತಲ್ಲ’ ಎಂದು ಬಿಡುತ್ತಾರೆ. ಮೂರು ವಾರದ ಹಿಂದೆ ಹೀಗಿರಲಿಲ್ಲ ಎಂದಾದರೆ ಅದು ವಯಸ್ಸಲ್ಲ. ಸಮಯಕ್ಕೆ ಸಿಕ್ಕರೆ ತಲೆಬುರುಡೆಯಲ್ಲಿ ಸಣ್ಣ ರಂಧ್ರ ಮಾಡಿ ರಕ್ತ ತೆಗೆದುಬಿಡಬಹುದು, ಬಹಳಷ್ಟು ಜನ ಚೆನ್ನಾಗಿ ಚೇತರಿಸಿಕೊಳ್ಳುತ್ತಾರೆ. ಅಪಘಾತದ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಮತ್ತೆ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ‘ಇಂಥ ದಿನ ತಲೆಗೆ ಪೆಟ್ಟು ಬಿದ್ದಿತ್ತು, ಕ್ಲೊಪಿಡೋಗ್ರೆಲ್ ನಡೀತಿದೆ’ ಎಂದು ಮೊದಲ ಮಾತಲ್ಲೇ ಹೇಳಿ.